ನಾಗರನ ವಿಷ, ನಮ್ಮದೇ ಪ್ರತಿಕಾಯ

ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರ ಗಮನ ಗಾಯದಷ್ಟೇ ಕಣ್ಣಿನ ರೆಪ್ಪೆಯ ಮೇಲೂ ಇರುತ್ತದೆ. ‘ಮೇಲೆ ನೋಡಿ, ಹಾಗೇ ನೋಡ್ತಾ ಇರಿ’ ಎನ್ನುತ್ತಾರೆ. ನಾಗರಹಾವಿನ ವಿಷ ಏರಿದ್ದರೆ ರೆಪ್ಪೆ ನಿಲ್ಲದೆ ಮೆಲ್ಲಗೆ ಜಾರುತ್ತದೆ. ಆಮೇಲೆ ಒಂದು ಎರಡಾಗಿ ಕಾಣುತ್ತದೆ, ಎಂಜಲು ನುಂಗಲೂ ಆಗುವುದಿಲ್ಲ, ಮಾತು ಮೂಗಿನಿಂದ ಬರುತ್ತದೆ. ಕೊನೆಗೆ ಸೋಲುವುದು ಉಸಿರಾಟದ ಸ್ನಾಯುಗಳು.

ಹೆಚ್ಚುಕಡಿಮೆ ಇದೇ ಲಕ್ಷಣಗಳು ಹಾವಿನ ಮುಖವನ್ನೇ ನೋಡದವರಲ್ಲೂ ಕಾಣಿಸಿಕೊಳ್ಳುವುದುಂಟು. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ಸಂಜೆಯಾಗುತ್ತ ಒಂದು ರೆಪ್ಪೆ ಇಳಿಯುತ್ತದೆ. ಊಟದ ನಡುವೆ ಅಗಿಯುತ್ತಿದ್ದ ದವಡೆ ಸೋಲುತ್ತದೆ, ತಲೆ ಬಾಚಲು ಎತ್ತಿದ ಕೈ ಕೆಳಗೆ ಬೀಳುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮತ್ತೆ ಬಲ ಬರುತ್ತದೆ. ಹೀಗೆ ಬಂದು ಹೋಗುವ ಕಾಯಿಲೆಯನ್ನು ನಂಬುವವರು ಯಾರು? ಮನೆಯವರು ‘ನಿದ್ದೆ ಸಾಲದು’ ಎನ್ನುತ್ತಾರೆ, ಕೆಲವು ವೈದ್ಯರು ‘ಟೆನ್ಷನ್’ ಎಂದು ಸಾಗಹಾಕುತ್ತಾರೆ. ಇದು ಮಯಸ್ತೇನಿಯ ಗ್ರಾವಿಸ್. ನಲವತ್ತರೊಳಗಿನ ಹೆಂಗಸರಲ್ಲಿ, ಅರವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಷ್ಟು ಹಿಂದೆಯೇ ಇಂಥ ಒಬ್ಬಾಕೆಯ ಬಗ್ಗೆ ಬರೆದಿದ್ದ. ಸ್ವಲ್ಪ ಹೊತ್ತು ಒಂದೇ ಸಮನೆ ಮಾತಾಡಿದರೆ ಆಕೆಯ ದನಿ ನಿಂತುಹೋಗಿ, ಮರಳಲು ಒಂದೆರಡು ಗಂಟೆ ಬೇಕಾಗುತ್ತಿತ್ತಂತೆ. ಅಮಿತಾಭ್ ಬಚ್ಚನ್‌ಗೆ 1980ರ ದಶಕದಲ್ಲಿ ಈ ಕಾಯಿಲೆ ಬಂದಿದ್ದರಿಂದ ನಮ್ಮಲ್ಲಿ ಇದರ ಹೆಸರು ಕೇಳಿದವರಿಗೇನೂ ಕಡಿಮೆಯಿಲ್ಲ. ಒಳಗೆ ಏನಾಗುತ್ತದೆ ಎಂದು ಬಲ್ಲವರು ಕಡಿಮೆ.

ನಾಗರನ ವಿಷವೂ ಈ ಕಾಯಿಲೆಯೂ ಕೈಹಾಕುವುದು ಒಂದೇ ಅಣುವಿಗೆ. ಹಿಡಿಯುವ ಜಾಗ ಮಾತ್ರ ಬೇರೆ. ಇಡೀ ಕಥೆ ಆ ವ್ಯತ್ಯಾಸದಲ್ಲಿದೆ.

ನರದ ತುದಿ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರ್‌ನ ಸಂದು ಇದೆ. ಆಜ್ಞೆ ಬಂದಾಗ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ. ಆಚೆ ಬದಿಯಲ್ಲಿ ಸ್ನಾಯುವಿನ ಪೊರೆ ಮಡಿಕೆ ಮಡಿಕೆಯಾಗಿದೆ. ಮಡಿಕೆಗಳ ನೆತ್ತಿಯಲ್ಲಿ ಗ್ರಾಹಕಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದು ಚದರ ಮೈಕ್ರೋಮೀಟರ್‌ನಲ್ಲಿ ಸುಮಾರು ಹತ್ತು ಸಾವಿರ. ಒಂದೊಂದು ಗ್ರಾಹಕವೂ ಐದು ಪ್ರೋಟೀನ್‌ಗಳ ಬಳೆ: ಆಲ್ಫಾ ಎರಡು; ಬೀಟಾ, ಡೆಲ್ಟಾ, ಎಪ್ಸಿಲಾನ್ ಒಂದೊಂದು. ಆಲ್ಫಾಗಳ ಪಕ್ಕದಲ್ಲಿರುವ ಎರಡು ಕುಳಿಗಳಲ್ಲಿ ಅಸಿಟೈಲ್‌ಕೋಲಿನ್ ಕೂತರೆ ಬಳೆಯ ನಡುವಿನ ರಂಧ್ರ ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸೆಟೆಯುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಒಂದು ಕಿಣ್ವ ಕ್ಷಣಾರ್ಧದಲ್ಲಿ ತುಂಡು ಮಾಡುತ್ತದೆ.

ಇಲ್ಲಿ ಪ್ರಕೃತಿ ಧಾರಾಳಿ. ಸ್ನಾಯುವನ್ನು ಎಬ್ಬಿಸಲು ಬೇಕಾದುದರ ಮೂರು ನಾಲ್ಕು ಪಟ್ಟು ಸಂಕೇತ ಪ್ರತಿ ಸಲವೂ ಹುಟ್ಟುತ್ತದೆ. ಮೇಲಿಂದ ಮೇಲೆ ಆಜ್ಞೆ ಬಂದರೆ ನರ ಬಿಡುವ ರಾಸಾಯನಿಕ ಎಲ್ಲರಲ್ಲೂ ಸ್ವಲ್ಪ ಇಳಿಯುತ್ತದೆ. ಮಿಗತೆ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ತುಂಬಿದ ಬಾವಿಯಿಂದ ಎಷ್ಟು ಕೊಡ ಸೇದಿದರೂ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ನಾಲ್ಕನೆಯ ಕೊಡಕ್ಕೇ ಕೆಸರು ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಒಸರುತ್ತದೆ. ಮಯಸ್ತೇನಿಯದ ರೋಗಿಯಲ್ಲಿ ಗ್ರಾಹಕಗಳು ಕಡಿಮೆ, ಮಿಗತೆ ಇಲ್ಲ. ಆದ್ದರಿಂದಲೇ ಈ ಸೋಲುವ ಮತ್ತು ಚೇತರಿಸಿಕೊಳ್ಳುವ ಆಟ.

1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೇಜ್ ಆಸ್ಪತ್ರೆಯಲ್ಲಿದ್ದ ಮೇರಿ ವಾಕರ್‌ಗೆ ಈ ಕಾಯಿಲೆ ಕ್ಯುರಾರೆ ಎಂಬ ಬಾಣದ ವಿಷದ ಪರಿಣಾಮದಂತೆಯೇ ಕಂಡಿತು. ಕ್ಯುರಾರೆಗೆ ಪ್ರತಿಯಾಗಿ ಕೊಡುತ್ತಿದ್ದ ಫೈಸೊಸ್ಟಿಗ್ಮಿನನ್ನು ರೋಗಿಗೆ ಚುಚ್ಚಿದರು. ಅದು ಮೇಲೆ ಹೇಳಿದ ಕಿಣ್ವವನ್ನು ತಡೆಯುವ ಮದ್ದು. ಇಳಿದಿದ್ದ ರೆಪ್ಪೆ ಮೇಲೆದ್ದಿತು. ಹಾಗಾದರೆ ರಕ್ತದಲ್ಲಿರುವ ಆ ‘ವಿಷ’ ಯಾವುದು? ದೇಹವೇ ತಯಾರಿಸಿಕೊಂಡ ಪ್ರತಿಕಾಯ ಇರಬಹುದು ಎಂದು ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್ 1960ರಲ್ಲಿ ಊಹಿಸಿದರು. ಊಹೆಯನ್ನು ಪರೀಕ್ಷಿಸಲು ಗ್ರಾಹಕ ಕೈಗೆ ಸಿಗಬೇಕಿತ್ತು. ಸ್ನಾಯುವಿನಲ್ಲಿ ಅದರ ಪ್ರಮಾಣ ತೀರಾ ಅಲ್ಪ.

ಪರಿಹಾರ ಬಂದದ್ದು ಎರಡು ಪ್ರಾಣಿಗಳಿಂದ. ದಕ್ಷಿಣ ಅಮೆರಿಕದ ನದಿಗಳಲ್ಲಿರುವ ವಿದ್ಯುತ್ ಹಾವುಮೀನು ಬೇಟೆಯನ್ನು ಶಾಕ್ ಹೊಡೆದು ನಿಶ್ಚಲಗೊಳಿಸುತ್ತದೆ. ಅದರ ವಿದ್ಯುತ್ ಅಂಗವೆಂದರೆ ಸೆಟೆಯುವುದನ್ನು ಮರೆತ ಸ್ನಾಯು. ಅದರ ತುಂಬ ಇದೇ ಗ್ರಾಹಕ. ಇನ್ನೊಂದು ತೈವಾನಿನ ಕಟ್ಟುಹಾವು. ಅದರ ವಿಷದಿಂದ ಚಾಂಗ್ ಮತ್ತು ಲೀ 1963ರಲ್ಲಿ ಬೇರ್ಪಡಿಸಿದ ಬುಂಗಾರೋಟಾಕ್ಸಿನ್ ಗ್ರಾಹಕದ ಕುಳಿಯಲ್ಲಿ ಕೂತರೆ ಏಳುವುದೇ ಇಲ್ಲ ಎನ್ನಬೇಕು. ನಾಗರನ ವಿಷವೂ ಹಿಡಿಯುವುದು ಅದೇ ಕುಳಿಯನ್ನು.

ಅಮೆರಿಕದ ಸಾಲ್ಕ್ ಸಂಸ್ಥೆಯ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಹಾವುಮೀನಿನ ಗ್ರಾಹಕವನ್ನು ಶುದ್ಧೀಕರಿಸಿ ಮೊಲಗಳಿಗೆ ಚುಚ್ಚಿದರು. ಅವರಿಗೆ ಬೇಕಿದ್ದದ್ದು ಸಂಶೋಧನೆಗೊಂದಿಷ್ಟು ಪ್ರತಿಕಾಯ, ಅಷ್ಟೇ. ಕೆಲವು ವಾರಗಳಲ್ಲಿ ಮೊಲಗಳು ಕಾಲು ಚೆಲ್ಲಿ ಮಲಗಿದವು. ಮಯಸ್ತೇನಿಯದ ಮದ್ದು ಕೊಟ್ಟರೆ ಚೇತರಿಸಿಕೊಂಡವು! ಮೀನಿನ ಗ್ರಾಹಕದ ವಿರುದ್ಧ ಹುಟ್ಟಿದ ಪ್ರತಿಕಾಯ ಮೊಲದ ಸ್ವಂತ ಗ್ರಾಹಕವನ್ನೂ ಬಿಟ್ಟಿರಲಿಲ್ಲ. ಇದು 1973. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಫ್ಯಾಂಬ್ರೋ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ವಿಕಿರಣಶೀಲ ಬುಂಗಾರೋಟಾಕ್ಸಿನ್ ಬಳಸಿ ರೋಗಿಗಳ ಸ್ನಾಯುಗಳಲ್ಲಿ ಗ್ರಾಹಕಗಳನ್ನು ಎಣಿಸಿದರು. ಉಳಿದಿದ್ದದ್ದು ಶೇ. 11ರಿಂದ 30ರಷ್ಟು. ಎರಡು ವರ್ಷದ ನಂತರ ಟೊಯ್ಕಾ ಮತ್ತು ಡ್ರಾಕ್‌ಮನ್ ರೋಗಿಗಳ ರಕ್ತದ ಪ್ರತಿಕಾಯವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಗ್ರಾಹಕಗಳೂ ಕಡಿಮೆಯಾದವು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಪ್ರತಿಕಾಯವೂ ಹಾವಿನ ವಿಷದಂತೆ ಕುಳಿಯನ್ನೇ ಮುಚ್ಚುತ್ತದೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಕೆಲವು ಪ್ರತಿಕಾಯಗಳು ಹಾಗೆ ಮಾಡುವುದೂ ನಿಜ. ಆದರೆ ಬಹುಪಾಲು ಹೋಗಿ ಹಿಡಿಯುವುದು ಕುಳಿಯಿಂದ ಆಚೆಗೆ, ಆಲ್ಫಾ ಪ್ರೋಟೀನಿನ ಹೊರ ತುದಿಯನ್ನು. ಪೊರೆಯಿಂದ ಅತಿ ದೂರ ಚಾಚಿಕೊಂಡಿರುವ, ಸುಲಭವಾಗಿ ಕೈಗೆ ಸಿಗುವ ಮೂಲೆ ಅದು. ಜಾರ್ಟೋಸ್ ಮತ್ತು ಲಿಂಡ್‌ಸ್ಟ್ರಾಮ್ 1980ರಲ್ಲಿ ಇದನ್ನು ಗುರುತಿಸಿದರು. ಆಲ್ಫಾದ 67ರಿಂದ 76ನೆಯ ಅಮೈನೋ ಆಮ್ಲಗಳ ಆಸುಪಾಸಿನ ಜಾಗ ಅದರ ತಿರುಳು. ಪ್ರತಿಕಾಯ ಗುರುತಿಸುವುದು ಮಡಿಚಿ ನಿಂತ ಆಕಾರವನ್ನು. ಅದೇ ಪ್ರೋಟೀನನ್ನು ಬಿಚ್ಚಿ ಎಳೆದಿಟ್ಟರೆ ಹೆಚ್ಚಿನವು ಗುರುತೇ ಹಿಡಿಯುವುದಿಲ್ಲ.

ಈ ಕಾಯಿಲೆಯ ರಕ್ತಪರೀಕ್ಷೆ ನಿಂತಿರುವುದೂ ಇದರ ಮೇಲೆಯೇ. ಗ್ರಾಹಕದ ಕುಳಿಗೆ ವಿಕಿರಣಶೀಲ ಬುಂಗಾರೋಟಾಕ್ಸಿನ್ ಅಂಟಿಸಿ ರೋಗಿಯ ರಕ್ತದ ಸೀರಮ್‌ಗೆ ಬೆರೆಸುತ್ತಾರೆ. ಕುಳಿ ಭರ್ತಿಯಾಗಿದ್ದರೂ ಪ್ರತಿಕಾಯ ತನ್ನ ತುದಿಯನ್ನು ಹಿಡಿಯುತ್ತದೆ. ಪ್ರತಿಕಾಯಗಳನ್ನೆಲ್ಲ ತಳಕ್ಕಿಳಿಸಿದಾಗ ಜೊತೆಗೆ ವಿಕಿರಣವೂ ಇಳಿಯಿತೋ ಎಂದು ಅಳೆಯುತ್ತಾರೆ. ಎರಡೂ ಒಂದೇ ಜಾಗಕ್ಕೆ ಜಗಳವಾಡುವಂತಿದ್ದರೆ ಪರೀಕ್ಷೆಯೇ ನಡೆಯುತ್ತಿರಲಿಲ್ಲ. ಮೈಯೆಲ್ಲ ಕಾಯಿಲೆ ಹರಡಿದವರಲ್ಲಿ ಸುಮಾರು ಶೇ. 85 ಮಂದಿಗೆ ಇದು ಪಾಸಿಟಿವ್ ಬರುತ್ತದೆ, ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಅರ್ಧದಷ್ಟು ಮಂದಿಗೆ. ವರದಿಯ ಅಂಕಿ ದೊಡ್ಡದಿದ್ದರೆ ಕಾಯಿಲೆ ಜೋರು ಎಂದೇನೂ ಅಲ್ಲ.

ಕುಳಿಯನ್ನು ಮುಚ್ಚದೆ ತುದಿ ಹಿಡಿದು ಕೂತರೆ ಕೆಡುವುದೇನು? ಪ್ರತಿಕಾಯಕ್ಕೆ ಎರಡು ತೋಳು. ಎರಡು ಆಲ್ಫಾಗಳ ತುದಿ ಹೊರಕ್ಕೆ ವಾಲಿರುವುದರಿಂದ ಎರಡೂ ತೋಳು ಒಂದೇ ಗ್ರಾಹಕಕ್ಕೆ ಎಟುಕುವುದಿಲ್ಲ. ಪಕ್ಕದ ಗ್ರಾಹಕಕ್ಕೆ ಕೈ ಚಾಚುತ್ತದೆ. ಹೀಗೆ ಜೋಡಿಸಿಕೊಂಡ ಗ್ರಾಹಕಗಳನ್ನು ಸ್ನಾಯುಕೋಶ ಒಳಕ್ಕೆಳೆದು ಅರೆದುಬಿಡುತ್ತದೆ, ಹೊಸವು ಅಷ್ಟು ಬೇಗ ಬರುವುದಿಲ್ಲ. ಪ್ರತಿಕಾಯವನ್ನು ಕತ್ತರಿಸಿ ಒಂದೇ ತೋಳು ಉಳಿಸಿದರೆ ಈ ನಾಶ ನಡೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಪ್ರತಿಕಾಯದ ಬಾಲ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನ್‌ಗಳನ್ನು ಕರೆಯುತ್ತದೆ, ಅವು ಪೊರೆಯನ್ನೇ ತೂತು ಮಾಡುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಳವಾದ ಮಡಿಕೆಗಳಿದ್ದ ಕಡೆ ಚಪ್ಪಟೆಯಾದ ಪೊರೆ, ಸಂದಿನ ತುಂಬ ಪೊರೆಯ ಚೂರುಗಳು. ವಿಷ ಗ್ರಾಹಕವನ್ನು ಮುಚ್ಚಿದರೆ ಪ್ರತಿಕಾಯ ಗ್ರಾಹಕ ನಿಂತಿದ್ದ ನೆಲವನ್ನೇ ಕೆಡವುತ್ತದೆ.

ತಪ್ಪು ಶುರುವಾಗುವ ಜಾಗಗಳಲ್ಲಿ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಮುಖ್ಯ. ಅಲ್ಲಿ ಸ್ನಾಯುವನ್ನು ಹೋಲುವ, ಇದೇ ಗ್ರಾಹಕ ಹೊತ್ತ ಕೋಶಗಳಿವೆ. ನೂರರಲ್ಲಿ ಹತ್ತು ಹದಿನೈದು ರೋಗಿಗಳಿಗೆ ಅಲ್ಲಿ ಗಡ್ಡೆಯೂ ಇರುತ್ತದೆ. ಗಡ್ಡೆಯಿಲ್ಲದಿದ್ದರೂ ಗ್ರಂಥಿ ತೆಗೆದರೆ ಅನುಕೂಲವೆಂದು 2016ರ ದೊಡ್ಡ ಪ್ರಯೋಗವೊಂದು ತೋರಿಸಿತು.

ದಿನನಿತ್ಯದ ಮದ್ದು ಇಂದಿಗೂ ಮೇರಿ ವಾಕರ್ ದಾರಿಯದೇ: ಪಿರಿಡೊಸ್ಟಿಗ್ಮಿನ್. ಅದರ ಬಳಗದ ನಿಯೊಸ್ಟಿಗ್ಮಿನನ್ನು ನಾಗರಹಾವು ಕಚ್ಚಿದವರಿಗೂ ಕೊಡುತ್ತಾರೆ. ನಮ್ಮ ಕಟ್ಟುಹಾವಿನ ಕಡಿತಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ, ಅದರ ವಿಷ ಹೆಚ್ಚಾಗಿ ಕೆಡಿಸುವುದು ನರದ ತುದಿಯನ್ನು. ಇದಲ್ಲದೆ ಸ್ಟಿರಾಯ್ಡ್, ಅಜತಯೋಪ್ರಿನ್, ಉಸಿರಿಗೇ ಕುತ್ತು ಬಂದಾಗ ಪ್ಲಾಸ್ಮಾ ಬದಲಾವಣೆ. ಕಾಂಪ್ಲಿಮೆಂಟನ್ನು ತಡೆಯುವ ಎಕುಲಿಜುಮಾಬ್ 2017ರಲ್ಲಿ, ರಕ್ತದ ಪ್ರತಿಕಾಯವನ್ನೇ ಇಳಿಸುವ ಎಫ್ಗಾರ್ಟಿಜಿಮಾಡ್ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎರಡನೆಯದು ಒಳ್ಳೆಯ ಪ್ರತಿಕಾಯ, ಕೆಟ್ಟ ಪ್ರತಿಕಾಯ ಎಂದು ಭೇದ ಮಾಡುವುದಿಲ್ಲ. ಆ ಒಂದು ತುದಿಯನ್ನು ಹಿಡಿಯುವವನ್ನಷ್ಟೇ ಆರಿಸಿ ತೆಗೆಯುವ ಮದ್ದು ಇನ್ನೂ ಪ್ರಯೋಗಶಾಲೆಯ ಕನಸು. ಅಲ್ಲಿಯವರೆಗೆ ರೋಗಿಗಳು ಹುಷಾರಾಗಿರಬೇಕಾದ್ದು ಸಾಮಾನ್ಯ ಔಷಧಿಗಳ ವಿಷಯದಲ್ಲಿ: ಜ್ವರಕ್ಕೋ ಮೂತ್ರದ ಸೋಂಕಿಗೋ ಬರೆದುಕೊಡುವ ಸಿಪ್ರೊಫ್ಲಾಕ್ಸಸಿನ್, ಜೆಂಟಾಮೈಸಿನ್ ಇಂಜೆಕ್ಷನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ, ಇವು ಮೂರೂ ಈ ಬಡಪಾಯಿ ಸಂದಿಯನ್ನು ಇನ್ನಷ್ಟು ಸೋಲಿಸುತ್ತವೆ.