ಬೆಳೆಯುವ ಕೈಗೆ ದೊಡ್ಡವರ ಕೋಲು ಯಾವಾಗ?

ಬೆಳೆಯುವ ಮಕ್ಕಳಿಗೆ ಅಂಗಿಯನ್ನು ಒಂದು ಅಳತೆ ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮನೆಗಳ ವಾಡಿಕೆ. ದರ್ಜಿ ಟೇಪು ಹಿಡಿದಾಗಲೇ ತಾಯಿ ಪಕ್ಕದಲ್ಲಿ ನಿಂತು, ‘ವಸಿ ಸಡಿಲ ಇರ್ಲಿ ಕಣಪ್ಪ, ಮುಂದಿನ ವರ್ಷಕ್ಕೂ ಆಯ್ತದೆ’ ಎನ್ನುತ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ. ಸಡಿಲವಾದ ಅಂಗಿಯಿಂದ ಯಾರ ಮೂಳೆಗೂ ತೊಂದರೆಯಾಗದು. ಆದರೆ ಇದೇ ಲೆಕ್ಕವನ್ನು ಆಟದ ಸಾಮಾನಿಗೂ ಹಾಕಿದಾಗ ತೊಂದರೆ ಶುರುವಾಗುತ್ತದೆ. ಹತ್ತು ವರ್ಷದ ಹುಡುಗನ ಕೈಗೆ ಅಣ್ಣನ ಬ್ಯಾಟು, ಹನ್ನೊಂದರ ಹುಡುಗಿಗೆ ಚಿಕ್ಕಪ್ಪನ ಗಾಲ್ಫ್ ಕೋಲು, ಪೆಡಲಿಗೆ ಕಾಲು ಎಟುಕದ ಮಗುವಿಗೆ ಅಪ್ಪನ ಸೈಕಲ್ಲು. ‘ಹೇಗೂ ಬೆಳೀತಾನಲ್ಲ’ ಎಂಬುದೇ ಎಲ್ಲರ ಸಮಾಧಾನ.

ಬೆಳೆಯುತ್ತಾನೆ, ನಿಜ. ಆದರೆ ಬೆಳೆಯುತ್ತಿರುವ ಆ ಎರಡು ಮೂರು ವರ್ಷಗಳಲ್ಲೇ ಮೂಳೆಗೆ ಪೆಟ್ಟು ತಗಲುವ ಸಂಭವ ಹೆಚ್ಚು. ಆದ್ದರಿಂದ ಮಕ್ಕಳ ಸಲಕರಣೆಯಿಂದ ದೊಡ್ಡವರ ಸಲಕರಣೆಗೆ ಯಾವಾಗ, ಹೇಗೆ ದಾಟಿಸಬೇಕು ಎಂಬುದನ್ನು ಪ್ರತಿ ತಂದೆ ತಾಯಿಯೂ ತಿಳಿದಿರುವುದು ಒಳ್ಳೆಯದು.

ಗಾಲ್ಫ್ ನಮಗೇಕೆ?

ನಂಜನಗೂಡು, ತಿ. ನರಸೀಪುರಗಳಲ್ಲಿ ಕೊಯ್ಲು ಮುಗಿದ ಗದ್ದೆಯೆಲ್ಲ ಕ್ರಿಕೆಟ್ ಮೈದಾನವೇ. ಹಾಗಿರುವಾಗ ಗಾಲ್ಫ್ ಸಿರಿವಂತರ ಆಟ, ನಮಗೇಕೆ ಎಂದು ಪುಟ ತಿರುಗಿಸಬೇಡಿ. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್ ದೂರದ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ಕುದುರೆ ರೇಸಿನ ಬಯಲಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನವಿದೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಭಾರತ ತಂಡದಲ್ಲಿ ಮೈಸೂರಿನ ಪ್ರಣವಿ ಅರಸ್ ಇದ್ದರು. ಬೆಂಗಳೂರಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆಟ ಯಾರ ಮನೆಯ ಆಸ್ತಿಯೂ ಅಲ್ಲ.

ಇನ್ನೊಂದು ಕಾರಣವೂ ಇದೆ. ಉದ್ದನೆಯ ಕೋಲನ್ನು ವೇಗವಾಗಿ ಬೀಸುವ ಎಲ್ಲ ಆಟಗಳಲ್ಲಿ ಗಾಲ್ಫ್‌ನವರು ಕೋಲಿನ ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿದ್ದಾರೆ. ಅವರು ಕಂಡುಕೊಂಡ ಸೂತ್ರಗಳು ನಮ್ಮ ಗದ್ದೆ ಬಯಲಿನ ಕ್ರಿಕೆಟ್ಟಿಗೂ ಹೊಂದುತ್ತವೆ.

ಮೂಳೆ ಮುಂದೆ, ಮಾಂಸಖಂಡ ಹಿಂದೆ

ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳುವಾದ ಪದರವಿರುತ್ತದೆ. ವೈದ್ಯರು ಇದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ನಾವು ಬೆಳವಣಿಗೆಯ ಪದರ ಎನ್ನೋಣ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 14–15, ಗಂಡುಮಕ್ಕಳಲ್ಲಿ 16–17 ವರ್ಷದ ಹೊತ್ತಿಗೆ ಈ ಪದರಗಳಲ್ಲಿ ಹೆಚ್ಚಿನವು ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಇಡೀ ಮೂಳೆಯಲ್ಲಿ ಬಲಹೀನ ಜಾಗ ಇದೇ. ಕೀಲನ್ನು ಹಿಡಿದಿಟ್ಟಿರುವ ನಾರುಗಳಿಗಿಂತಲೂ ಇದು ದುರ್ಬಲ. ದೊಡ್ಡವರಿಗೆ ಬರೀ ಉಳುಕಾಗುವಂತಹ ಪೆಟ್ಟು ಮಕ್ಕಳಲ್ಲಿ ಈ ಪದರವನ್ನೇ ಸೀಳಬಹುದು.

ಹೆಣ್ಣುಮಕ್ಕಳು 11–12ರ ಸುಮಾರಿಗೆ, ಗಂಡುಮಕ್ಕಳು 13–14ರ ಸುಮಾರಿಗೆ ಥಟ್ಟನೆ ಎತ್ತರವಾಗುತ್ತಾರೆ. ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತಿದ್ದ ಮಗು ಆಗ 8–10 ಸೆಂಟಿಮೀಟರ್ ಬೆಳೆಯುತ್ತದೆ. ಮೂಳೆ ಮೊದಲು ಉದ್ದವಾಗುತ್ತದೆ. ಅದಕ್ಕೆ ಗಟ್ಟಿತನ ಬರಲು, ಮಾಂಸಖಂಡಗಳು ಬಲಗೊಳ್ಳಲು ಇನ್ನಷ್ಟು ತಿಂಗಳು ಬೇಕು. ಮುಂಗೈ ಮೂಳೆ ಮುರಿತ ಈ ವಯಸ್ಸಿನಲ್ಲೇ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ‘ಹುಡುಗ ನನ್ನ ಭುಜದ ಮಟ್ಟಕ್ಕೆ ಬಂದ, ಇನ್ನು ನನ್ನ ಕೋಲೇ ಸಾಕು’ ಎಂದು ತಂದೆಗೆ ಅನ್ನಿಸುವುದೂ ಸರಿಯಾಗಿ ಇದೇ ವಯಸ್ಸಿನಲ್ಲಿ. ಎತ್ತರ ಕಣ್ಣಿಗೆ ಕಾಣುತ್ತದೆ, ಬಲ ಕಾಣುವುದಿಲ್ಲ.

ತುದಿಯ ಭಾರ

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಅರ್ಧ ಕಿಲೋ ಬೆಲ್ಲದ ಪೊಟ್ಟಣವನ್ನು ಎದೆಗೆ ಅವಚಿ ಹಿಡಿಯಿರಿ. ಭಾರವೇ ಅಲ್ಲ. ಅದನ್ನೇ ಒಂದು ಗಜದ ಕೋಲಿನ ತುದಿಗೆ ಕಟ್ಟಿ, ಕೋಲಿನ ಇನ್ನೊಂದು ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ಮುಂದೆ ಚಾಚಿ. ಮಣಿಕಟ್ಟು ಸೋತು ಹೋಗುತ್ತದೆ. ಬ್ಯಾಟು, ಗಾಲ್ಫ್ ಕೋಲುಗಳಲ್ಲಿ ಭಾರವೆಲ್ಲ ಇರುವುದು ತುದಿಯಲ್ಲೇ. ಕೋಲು ಎರಡು ಅಂಗುಲ ಉದ್ದವಾದರೂ, ಐವತ್ತು ಗ್ರಾಂ ಹೆಚ್ಚಾದರೂ ಬೀಸುವಾಗ ಮಣಿಕಟ್ಟು, ಮೊಣಕೈ, ಭುಜ, ಸೊಂಟಗಳ ಮೇಲೆ ಬೀಳುವ ಎಳೆತ ಬಹಳ ಹೆಚ್ಚುತ್ತದೆ.

ಕೋಲು ಭಾರವಾದಾಗ ಮಗು ಸುಮ್ಮನಿರುವುದಿಲ್ಲ, ದಾರಿ ಹುಡುಕುತ್ತದೆ. ಹಿಡಿಕೆಯನ್ನು ಕೆಳಗೆ ಹಿಡಿಯುತ್ತದೆ, ಬೆನ್ನು ಹಿಂದಕ್ಕೆ ಬಾಗಿಸುತ್ತದೆ, ಭುಜ ಎತ್ತಿ ಹೊಡೆಯುತ್ತದೆ. ಹೀಗೆ ಕಲಿತ ಹೊಡೆತವನ್ನು ಮುಂದೆ ತಿದ್ದುವುದು ಕಷ್ಟ. ನೋವು ಒಂದು ಕಡೆ, ಕೆಟ್ಟ ರೂಢಿ ಇನ್ನೊಂದು ಕಡೆ.

ಗಾಲ್ಫ್ ಕೋಲು ಬದಲಿಸುವ ಬಗೆ

ಮಕ್ಕಳ ಗಾಲ್ಫ್ ಕೋಲು ಗಿಡ್ಡ ಮಾತ್ರವಲ್ಲ, ಹಗುರ. ಅದರ ದಂಡ ಸುಲಭವಾಗಿ ಬಾಗುತ್ತದೆ, ಹಿಡಿಕೆ ಸಪೂರವಾಗಿರುತ್ತದೆ. ದೊಡ್ಡವರ ಹಳೆಯ ಕೋಲನ್ನು ಕೆಳಗಿನಿಂದಲೋ ಮೇಲಿನಿಂದಲೋ ಕತ್ತರಿಸಿ ಮಕ್ಕಳಿಗೆ ಕೊಡುವವರಿದ್ದಾರೆ. ಹಣ ಉಳಿಯಬಹುದು. ಆದರೆ ಕತ್ತರಿಸಿದ ದಂಡ ಇನ್ನಷ್ಟು ಬಿರುಸಾಗುತ್ತದೆ, ತಲೆಯ ತೂಕ ಹಾಗೆಯೇ ಉಳಿಯುತ್ತದೆ, ದಪ್ಪ ಹಿಡಿಕೆ ಚಿಕ್ಕ ಬೆರಳಿಗೆ ಸಿಗುವುದಿಲ್ಲ.

ಮಕ್ಕಳ ಕೋಲನ್ನು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ ಆರಿಸಬೇಕು. ಸುಮಾರು 5 ಅಡಿಯವರೆಗೆ ಮಕ್ಕಳ ಕೋಲೇ ಸರಿ. 5 ಅಡಿಯಿಂದ 5 ಅಡಿ 3 ಅಂಗುಲದ ನಡುವೆ ದೊಡ್ಡವರ ಕೋಲಿನ ಯೋಚನೆ ಮಾಡಬಹುದು. ಆಗಲೂ ಉಕ್ಕಿನ ದಂಡಕ್ಕೆ ಒಮ್ಮೆಲೇ ಹಾರಬೇಡಿ. ಗ್ರಾಫೈಟ್ ದಂಡ ಉಕ್ಕಿಗಿಂತ ಬಹಳ ಹಗುರ. ಮಹಿಳೆಯರ ಕೋಲುಗಳು ಪುರುಷರ ಕೋಲಿಗಿಂತ ಸಾಮಾನ್ಯವಾಗಿ ಒಂದು ಅಂಗುಲ ಗಿಡ್ಡ, ಹಗುರ ಮತ್ತು ಬಾಗುವಂಥವು. ಹುಡುಗರಿಗೂ ಇವು ನಡುವಿನ ಮೆಟ್ಟಿಲಾಗಬಲ್ಲವು. ‘ಹೆಂಗಸರ ಕೋಲು’ ಎಂದು ಯಾರಾದರೂ ನಕ್ಕರೆ ನಗಲಿ, ಮಗನ ಮಣಿಕಟ್ಟು ಮುಖ್ಯ.

ಹಳೆಯ ಕೋಲು ಚಿಕ್ಕದಾಯಿತೆಂದು ತಿಳಿಯುವುದು ಹೇಗೆ? ಮಗು ಹಿಡಿಕೆಯ ತುತ್ತತುದಿಯನ್ನು ಹಿಡಿದರೂ ಅತಿಯಾಗಿ ಬಾಗಿ ನಿಲ್ಲುತ್ತಿದೆಯೇ ನೋಡಿ. ಸರಿಯಾಗಿ ತಗುಲಿದ ಚೆಂಡು ಮುಂದೆ ಹೋಗದೆ ಬರೀ ಮೇಲಕ್ಕೆ ಹಾರುತ್ತಿದೆಯೇ ನೋಡಿ. ಎರಡೂ ಹೌದಾದರೆ ಬದಲಿಸುವ ಕಾಲ ಬಂದಿದೆ. ಹೊಸ ಕೋಲು ಅತಿಯಾಯಿತೆಂದು ತಿಳಿಯುವುದೂ ಸುಲಭ. ಮಗು ಹಿಡಿಕೆಯಿಂದ ಮೂರು ನಾಲ್ಕು ಬೆರಳಷ್ಟು ಕೆಳಗೆ ಹಿಡಿಯುತ್ತದೆ, ಚೆಂಡಿಗೆ ಮೊದಲೇ ನೆಲ ಕೆತ್ತುತ್ತದೆ, ಬೀಸಿದ ಮೇಲೆ ತೂಕ ತಪ್ಪಿ ಹಿಂದಕ್ಕೆ ಹೆಜ್ಜೆ ಇಡುತ್ತದೆ.

ನಿಯಮದಂತೆ ಆಟಗಾರ 14 ಕೋಲುಗಳವರೆಗೆ ಇಟ್ಟುಕೊಳ್ಳಬಹುದು. ಮಕ್ಕಳಿಗೆ ಐದಾರು ಸಾಕು. ಅವನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳುವ ಪಟ್ಟರ್, ಆಮೇಲೆ ಹತ್ತಿರದ ಹೊಡೆತದ ಗಿಡ್ಡ ಕೋಲುಗಳು, ನಂತರ ನಡುವಿನ ಅಳತೆಯವು. ಸುಮಾರು 45 ಅಂಗುಲ ಉದ್ದದ ಡ್ರೈವರ್ ಕೊನೆಗೆ ಬರಲಿ. ಇಷ್ಟಕ್ಕೆ ಆರು ತಿಂಗಳು ಹಿಡಿದರೆ ಹಿಡಿಯಲಿ. ಹೊಸ ಕೋಲು ಬಂದ ಮೊದಲ ತಿಂಗಳು ಅಭ್ಯಾಸದ ಅರ್ಧ ಹೊತ್ತು ಹಳೆಯದರಲ್ಲೇ ಆಡಿಸಿ.

‘ನಮ್ಮ ಮಗು ಬೇರೆಯವರಷ್ಟು ದೂರ ಹೊಡೆಯುವುದಿಲ್ಲ’ ಎಂಬುದು ತಂದೆ ತಾಯಂದಿರನ್ನು ಅವಸರಕ್ಕೆ ತಳ್ಳುವ ಮಾತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಅತಿ ದೂರ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ಗುಳಿಯ ಹತ್ತಿರದ ನಾಜೂಕಿನ ಆಟವೇ ಆಕೆಯನ್ನು ಅಲ್ಲಿಗೆ ಮುಟ್ಟಿಸಿತು. ದೂರ ಹೊಡೆಯುವ ಬಲ ವಯಸ್ಸಿನೊಂದಿಗೆ ಬರುತ್ತದೆ, ಅದಕ್ಕೆ ಕಾಯಬಹುದು.

ಕ್ರಿಕೆಟ್ ಬ್ಯಾಟಿಗೂ ಇದೇ ಮಾತು

ಮಕ್ಕಳ ಬ್ಯಾಟುಗಳು 1ರಿಂದ 6ರವರೆಗೆ ಅಳತೆಗಳಲ್ಲಿ ಬರುತ್ತವೆ. ನಂತರ ಹ್ಯಾರೋ, ಅದಾದ ಮೇಲೆ ದೊಡ್ಡವರ ಶಾರ್ಟ್ ಹ್ಯಾಂಡಲ್. ಸುಮಾರು 5 ಅಡಿ 6 ಅಂಗುಲ ಮುಟ್ಟುವವರೆಗೆ ಮಕ್ಕಳ ಅಳತೆ ಸಾಕು. ಅಲ್ಲಿಂದ ಮುಂದಿನ ಎರಡು ಮೂರು ಅಂಗುಲಕ್ಕೆ ಹ್ಯಾರೋ ಇದ್ದೇ ಇದೆ. ಬ್ಯಾಟನ್ನು ಕಾಲಿನ ಪಕ್ಕಕ್ಕೆ ನಿಲ್ಲಿಸಿದರೆ ಹಿಡಿಕೆಯ ತುದಿ ತೊಡೆಯ ಮೇಲ್ಭಾಗಕ್ಕೆ ಬರಬೇಕು, ಸೊಂಟವನ್ನು ದಾಟಬಾರದು. ಮೇಲಿನ ಕೈ ಒಂದರಿಂದಲೇ ಬ್ಯಾಟನ್ನು ಎತ್ತಿ ಹತ್ತು ಸಲ ನೇರ ಹೊಡೆತ ಆಡಿಸಿ ನೋಡಿ. ಕೈ ನಡುಗಿದರೆ, ಬ್ಯಾಟಿನ ಮುಖ ತಿರುಗಿದರೆ ಅದು ಭಾರ ಎಂದೇ ಅರ್ಥ.

ಚೆಂಡನ್ನೂ ಗಮನಿಸಿ. ದೊಡ್ಡವರ ಗಟ್ಟಿ ಚೆಂಡು ಸುಮಾರು 156–163 ಗ್ರಾಂ ತೂಗುತ್ತದೆ. 13 ವರ್ಷದೊಳಗಿನವರಿಗಾಗಿ 133–144 ಗ್ರಾಂ ತೂಕದ ಚೆಂಡು ಬೇರೆಯೇ ಇದೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಬಲ ಬರುವುದು ಕಾಲಿನಿಂದ

ಗಾಲ್ಫ್ ಆಗಲಿ, ಕ್ರಿಕೆಟ್ ಆಗಲಿ, ಹೊಡೆತದ ಬಲ ಹುಟ್ಟುವುದು ಪಾದದಲ್ಲಿ. ಅದು ತೊಡೆ, ಸೊಂಟಗಳ ಮೂಲಕ ಕೈಗೆ ಬರುತ್ತದೆ. ತೊಡೆ ಸೊಂಟ ಗಟ್ಟಿಯಿಲ್ಲದ ಮಗು ಕೈಯಿಂದಲೇ ಎಲ್ಲವನ್ನೂ ಮಾಡಹೊರಟು ಮಣಿಕಟ್ಟು ನೋಯಿಸಿಕೊಳ್ಳುತ್ತದೆ. ಇದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಮದ್ದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಕೋಲು ಬೇಡ, ಚೆಂಡು ಬೇಡ, ಓಡಲು ನೆಲವಿದ್ದರೆ ಸಾಕು. ಕೂರುವುದು, ಏಳುವುದು, ತಿರುಗುವುದು, ಬಾಗುವುದು ಎಲ್ಲವೂ ಖೋಖೋದಲ್ಲಿವೆ. ವಾರಕ್ಕೆರಡು ದಿನ ಖೋಖೋ ಆಡುವ ಮಗುವಿಗೆ ಮುಂದೆ ಯಾವ ಕೋಲು ಹಿಡಿದರೂ ಸುಲಭ.

ಒಂದೇ ಆಟದ ಅಭ್ಯಾಸ ವಾರಕ್ಕೆ ಎಷ್ಟು ಗಂಟೆ ಇರಬೇಕು ಎಂಬುದಕ್ಕೆ ತಜ್ಞರು ಹೇಳುವ ಸರಳ ಲೆಕ್ಕವಿದೆ: ಮಗುವಿಗೆ ಎಷ್ಟು ವರ್ಷವೋ ಅಷ್ಟು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ವಾರದಲ್ಲಿ ಒಂದೆರಡು ದಿನ ಪೂರ್ತಿ ವಿರಾಮವಿರಲಿ. ಊಟದಲ್ಲಿ ರಾಗಿ, ಹಾಲು, ಮೊಸರು, ಬೇಳೆ, ಮೊಟ್ಟೆ, ಸೊಪ್ಪು ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೂಳೆ ಗಟ್ಟಿಯಾಗಲು ನಮ್ಮ ಮುದ್ದೆ ನೆರವಾಗುತ್ತದೆ.

ನೀವುವ ಮೊದಲು ಯೋಚಿಸಿ

ಆಟದಲ್ಲಿ ಬಿದ್ದು ಮಣಿಕಟ್ಟು ಊದಿಕೊಂಡು ಬಂದ ಮಗುವನ್ನು ನಮ್ಮ ಕಡೆ ಮೊದಲು ಕರೆದೊಯ್ಯುವುದು ಉಳುಕು ತೆಗೆಯುವವರ ಬಳಿಗೆ. ಎಣ್ಣೆ ಹಚ್ಚಿ ನೀವುತ್ತಾರೆ, ಎಳೆದು ಕಟ್ಟು ಹಾಕುತ್ತಾರೆ. ಇಲ್ಲಿ ದಯವಿಟ್ಟು ಎಚ್ಚರ ವಹಿಸಿ. ಬೆಳೆಯುವ ಮಕ್ಕಳಲ್ಲಿ ಅದು ಉಳುಕೋ, ಬೆಳವಣಿಗೆಯ ಪದರದ ಸೀಳೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಸೀಳಿದ ಪದರವನ್ನು ನೀವಿ ಎಳೆದರೆ, ಅಥವಾ ಸುಮ್ಮನೆ ಬಿಟ್ಟರೆ, ಆ ಮೂಳೆ ಸೊಟ್ಟಗೆ ಬೆಳೆಯಬಹುದು. ಇಲ್ಲವೇ ಬೆಳೆಯುವುದನ್ನೇ ನಿಲ್ಲಿಸಿ ಇನ್ನೊಂದು ಕೈಗಿಂತ ಗಿಡ್ಡವಾಗಬಹುದು. ಅದು ಕಣ್ಣಿಗೆ ಬೀಳುವುದು ತಿಂಗಳುಗಳಾದ ಮೇಲೆ.

ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ನಂಜನಗೂಡು ಅಥವಾ ತಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲೋ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ, ನಿಮಗೆ ಗೊತ್ತಿರುವ ಮೂಳೆ ವೈದ್ಯರಲ್ಲೋ ತೋರಿಸಿ:

* ಬಿದ್ದ ನಂತರ ಕೀಲಿನ ಹತ್ತಿರ ಊತ, ಮೂಳೆಯ ಮೇಲೆ ಒತ್ತಿದರೆ ನೋವು.
* ಆ ಕೈಯಲ್ಲಿ ಲೋಟ ಎತ್ತಲಾಗದಿರುವುದು, ಆ ಕಾಲೂರಿ ನಿಲ್ಲಲಾಗದಿರುವುದು.
* ಎರಡು ವಾರ ಕಳೆದರೂ ಹೋಗದ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು.
* ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಸೊಂಟದಲ್ಲಿ ನೋವು. ವೇಗದ ಬೌಲಿಂಗ್ ಮಾಡುವ, ಗಾಲ್ಫ್ ಆಡುವ ಮಕ್ಕಳಲ್ಲಿ ಇದು ಬೆನ್ನುಮೂಳೆಯ ಸಣ್ಣ ಬಿರುಕಿನ ಸೂಚನೆಯಾಗಿರಬಹುದು.

ಆಸ್ಪತ್ರೆ ಮುಟ್ಟುವವರೆಗೆ ಆ ಕೈಯನ್ನು ಅಲುಗಾಡದಂತೆ ಒಂದು ಪಟ್ಟಿಯ ಮೇಲಿಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ಬಿಸಿ ಶಾಖ, ಎಣ್ಣೆ, ಮಾಲೀಸು ಬೇಡ.

ಗೋಡೆಯ ಮೇಲೊಂದು ಗೆರೆ

ಕೊನೆಯದಾಗಿ, ಖರ್ಚಿಲ್ಲದ ಒಂದು ಉಪಾಯ. ಮೂರು ತಿಂಗಳಿಗೊಮ್ಮೆ ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ಗೆರೆಗಳ ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬೆಳವಣಿಗೆ ನಿಧಾನಗತಿಯಲ್ಲಿದೆ. ಎರಡು ಸೆಂಟಿಮೀಟರ್ ದಾಟಿದರೆ ಮಗು ಥಟ್ಟನೆ ಬೆಳೆಯುವ ಕಾಲಕ್ಕೆ ಕಾಲಿಟ್ಟಿದೆ ಎಂದು ತಿಳಿಯಿರಿ. ಆ ತಿಂಗಳುಗಳಲ್ಲಿ ಕೋಲು ಚಿಕ್ಕದಾಯಿತೆಂದು ಮಗು ಗೋಗರೆದರೂ ಉದ್ದ ಮಾತ್ರ ಹೆಚ್ಚಿಸಿ, ತೂಕ ಹೆಚ್ಚಿಸಬೇಡಿ. ಅಭ್ಯಾಸದ ಗಂಟೆಗಳನ್ನೂ ಸ್ವಲ್ಪ ಇಳಿಸಿ.

ಚಿಕ್ಕದಾದ ಕೋಲು, ಬ್ಯಾಟುಗಳನ್ನು ಅಟ್ಟಕ್ಕೆ ಹಾಕಬೇಡಿ. ಬೀದಿಯ ಇನ್ನೊಂದು ಮಗುವಿಗೆ ಅವು ಈಗ ಸರಿಯಾದ ಅಳತೆಯವು. ಶಾಲೆಯಲ್ಲೋ ಆಟದ ಸಂಘದಲ್ಲೋ ಹೀಗೆ ಕೈ ಬದಲಾಯಿಸಿಕೊಳ್ಳುವ ಪದ್ಧತಿ ಬೆಳೆದರೆ, ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ತನ್ನ ಅಳತೆಗೆ ಮೀರಿದ್ದನ್ನು ಹಿಡಿಯಬೇಕಾಗುವುದಿಲ್ಲ.