ವೆಲ್ಷ್ ನುಡಿಯನ್ನು ಕಾಯ್ದ ಬದುಕುಗಳು

ಬ್ರಿಟನ್ನಿನ ಪಶ್ಚಿಮದಂಚಿನ ವೇಲ್ಸ್ ನಾಡಿನ ನುಡಿ ವೆಲ್ಷ್. ಇಂಗ್ಲಿಷ್ ಆ ದ್ವೀಪಕ್ಕೆ ಕಾಲಿಡುವ ಮೊದಲೇ ಅಲ್ಲಿದ್ದ ಕೆಲ್ಟಿಕ್ ಮಾತಿನ ಸಂತಾನ ಇದು. 1536ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾಯ್ದೆಯೊಂದು ವೇಲ್ಸನ್ನು ಇಂಗ್ಲೆಂಡಿನ ಆಡಳಿತದೊಳಕ್ಕೆ ಸೇರಿಸಿತು. ಕೋರ್ಟುಗಳು ಇಂಗ್ಲಿಷಿನಲ್ಲೇ ನಡೆಯಬೇಕು, ವೆಲ್ಷ್ ಬಳಸುವವರಿಗೆ ಸರಕಾರಿ ಹುದ್ದೆ ಇಲ್ಲ ಎಂದು ವಿಧಿಸಿತು. ಆಗ ನಾಡಿನ ಬಹುಪಾಲು ಜನಕ್ಕೆ ಬೇರೆ ನುಡಿಯೇ ತಿಳಿದಿರಲಿಲ್ಲ. ಅಧಿಕಾರ ಕೈಬಿಟ್ಟ ಈ ನುಡಿಯನ್ನು ಮುಂದಿನ ಶತಮಾನಗಳಲ್ಲಿ ಕಾಯ್ದವರಲ್ಲಿ ದೊರೆಗಳಿಲ್ಲ. ಹಳ್ಳಿಯ ಪಾದ್ರಿಗಳು, ಮೇಷ್ಟ್ರುಗಳು, ನೇಕಾರನ ಮಗಳು, ಕಲ್ಲಿದ್ದಲು ಗಣಿಯ ಕೂಲಿ ಇದ್ದಾರೆ.

ಮೊದಲ ಹೆಸರು ವಿಲಿಯಂ ಸಾಲ್ಸ್‌ಬರಿಯವರದು. 1547ರಲ್ಲೇ ವೆಲ್ಷ್–ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದ್ದ ಈ ಪಂಡಿತರು ಬೈಬಲಿನ ಹೊಸ ಒಡಂಬಡಿಕೆಯ ಹೆಚ್ಚಿನ ಭಾಗವನ್ನು ಅನುವಾದಿಸಿ 1567ರಲ್ಲಿ ಹೊರತಂದರು. ಆದರೆ ಪದಗಳ ಲ್ಯಾಟಿನ್ ಮೂಲ ಕಣ್ಣಿಗೆ ಕಾಣುವಂತೆ ಬರೆಯಬೇಕೆಂಬುದು ಅವರ ಹಟ. ತದ್ಭವವನ್ನು ತತ್ಸಮದ ವೇಷದಲ್ಲಿ ಬರೆದು, ಓದುವಾಗ ಮಾತ್ರ ತದ್ಭವವಾಗಿಯೇ ಓದಿ ಎಂದಂತಾಯಿತು. ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕಾದ ಪಾದ್ರಿಗಳು ತಡವರಿಸಿದರು. ಹಳೆಯ ಒಡಂಬಡಿಕೆ ಕೈಗೂಡಲೇ ಇಲ್ಲ. ಅನುವಾದದ ಜೊತೆಗಾರ ಬಿಷಪ್ ರಿಚರ್ಡ್ ಡೇವಿಸ್‌ರಿಗೂ ಸಾಲ್ಸ್‌ಬರಿಯವರಿಗೂ ಒಂದೇ ಒಂದು ಪದದ ಅರ್ಥದ ಮೇಲೆ ಜಗಳವಾಗಿ ಕೆಲಸ ನಿಂತಿತೆಂದು ಸರ್ ಜಾನ್ ವಿನ್ ಎಂಬ ಜಮೀನ್ದಾರರು ಬರೆದಿಟ್ಟಿದ್ದಾರೆ. ಇಂದಿನ ವೆಲ್ಷ್ ಅಕ್ಷರಮಾಲೆಯಲ್ಲಿ ‘ಕೆ’ ಇಲ್ಲದಿರುವುದಕ್ಕೂ ಸಾಲ್ಸ್‌ಬರಿಯವರ ಪುಸ್ತಕಕ್ಕೂ ನಂಟಿದೆ. ವೆಲ್ಷ್ ಬರಹಕ್ಕೆ ಬೇಕಾಗುವಷ್ಟು ‘ಕೆ’ ಅಚ್ಚುಮೊಳೆಗಳು ಲಂಡನ್ನಿನ ಮುದ್ರಕರ ಬಳಿ ಇಲ್ಲದ್ದರಿಂದ ಅವರು ‘ಸಿ’ ಬಳಸಿದರು, ಅದೇ ನಿಂತುಹೋಯಿತು.

ಉಳಿದ ಕೆಲಸ ವಿಲಿಯಂ ಮಾರ್ಗನ್‌ರ ಪಾಲಿಗೆ ಬಂತು. 1545ರಲ್ಲಿ ಉತ್ತರ ವೇಲ್ಸಿನ ಪೆನ್‌ಮಾಖ್ನೊ ಬಳಿಯ ಕಣಿವೆಯೊಂದರಲ್ಲಿ, ಗೇಣಿದಾರನ ಮನೆಯಲ್ಲಿ ಹುಟ್ಟಿದ ಮಾರ್ಗನ್ ಕೇಂಬ್ರಿಡ್ಜಿಗೆ ಹೋಗಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. 1578ರಲ್ಲಿ ಬೆಟ್ಟದ ಮಗ್ಗುಲಿನ ಲ್ಲಾನ್‌ಹ್ರೈಯಾದರ್ ಹಳ್ಳಿಯ ಪಾದ್ರಿಯಾದರು. ಅಲ್ಲಿ ನೆಮ್ಮದಿ ಇರಲಿಲ್ಲ. ಸಿರಿವಂತ ಮನೆತನದ ಹೆಣ್ಣೊಬ್ಬಳ ಮದುವೆಯ ವಿಚಾರದಲ್ಲಿ ಊರಿನ ಪ್ರಬಲನೊಬ್ಬನ ಹಗೆ ಕಟ್ಟಿಕೊಂಡು ವರ್ಷಗಟ್ಟಲೆ ಕೋರ್ಟು ಅಲೆದರು. ನಿಲುವಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಚರ್ಚಿಗೆ ಬರುತ್ತಾರೆಂಬ ಆರೋಪವೂ ಅವರ ಮೇಲಿತ್ತು. ಇಷ್ಟರ ನಡುವೆಯೇ ಹೀಬ್ರೂ ಮೂಲದಿಂದ ಹಳೆಯ ಒಡಂಬಡಿಕೆಯನ್ನು ಅನುವಾದಿಸಿ, ಸಾಲ್ಸ್‌ಬರಿಯವರ ಹೊಸ ಒಡಂಬಡಿಕೆಯನ್ನು ಓದಲು ಬರುವಂತೆ ತಿದ್ದಿದರು. ಅಚ್ಚಿನ ಮನೆಯವರಿಗೆ ವೆಲ್ಷ್‌ನ ಒಂದಕ್ಷರವೂ ತಿಳಿಯದು. ಹಾಗಾಗಿ ಮಾರ್ಗನ್ ಸುಮಾರು ಒಂದು ವರ್ಷ ಲಂಡನ್ನಿನಲ್ಲಿ, ವೆಸ್ಟ್‌ಮಿನ್‌ಸ್ಟರಿನ ಡೀನ್ ಗೇಬ್ರಿಯಲ್ ಗುಡ್‌ಮನ್‌ರ ಮನೆಯಲ್ಲಿ ಉಳಿದು ಕರಡು ತಿದ್ದಿದರು. 1588ರಲ್ಲಿ ಪೂರ್ಣ ಬೈಬಲ್ ಹೊರಬಂತು.

ಈ ಪುಸ್ತಕದ ಮಹತ್ವ ಧರ್ಮಕ್ಕಷ್ಟೇ ಸೇರಿದ್ದಲ್ಲ. ಉತ್ತರದ ಆಡುಮಾತಿಗೂ ದಕ್ಷಿಣದ ಆಡುಮಾತಿಗೂ ಆಗಲೇ ಅಂತರವಿತ್ತು. ಮಾರ್ಗನ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ, ಆಸ್ಥಾನ ಕವಿಗಳು ಶತಮಾನಗಳಿಂದ ತಿದ್ದಿ ತೀಡಿದ್ದ ಕಾವ್ಯಭಾಷೆಯನ್ನು ಗದ್ಯಕ್ಕೆ ಇಳಿಸಿದರು. ಕವಿಗಳನ್ನು ಸಾಕುತ್ತಿದ್ದ ಸಿರಿವಂತರು ಇಂಗ್ಲಿಷಿನತ್ತ ಹೊರಳುತ್ತಿದ್ದ ಹೊತ್ತಿಗೆ ಸರಿಯಾಗಿ ಆ ಭಾಷೆ ಪ್ರತಿ ಭಾನುವಾರ ಪ್ರತಿ ಹಳ್ಳಿಯ ಕಿವಿಗೆ ಬೀಳತೊಡಗಿತು. ಇಡೀ ನಾಡಿಗೆ ಒಂದು ಬರಹದ ಭಾಷೆ ದೊರೆತದ್ದು ಹೀಗೆ. ಮುಂದೆ ಬಿಷಪ್ ಆದ ಮಾರ್ಗನ್ 1604ರಲ್ಲಿ ತೀರಿಕೊಂಡರು. 1620ರಲ್ಲಿ ಆ ಅನುವಾದವನ್ನು ಪರಿಷ್ಕರಿಸುವುದರಲ್ಲಿ ವಿದ್ವಾಂಸ ಜಾನ್ ಡೇವಿಸ್‌ರ ಪಾಲು ದೊಡ್ಡದು.

ಪುಸ್ತಕವಿತ್ತು, ಓದುವವರಿರಲಿಲ್ಲ. ಆ ಕೊರತೆ ತುಂಬಿದವರು ಗ್ರಿಫಿತ್ ಜೋನ್ಸ್. ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ, ಬದುಕಿನುದ್ದಕ್ಕೂ ಉಬ್ಬಸದಿಂದ ನರಳಿದ ಈ ಪಾದ್ರಿ ನೈಋತ್ಯ ವೇಲ್ಸಿನ ಲ್ಲಾನ್‌ದೌರೊರ್‌ನಲ್ಲಿದ್ದುಕೊಂಡು 1731ರಿಂದ ಸಂಚಾರಿ ಶಾಲೆಗಳನ್ನು ನಡೆಸಿದರು. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮೇಷ್ಟ್ರು ಒಂದೂರಿಗೆ ಬಂದು, ಸುಮಾರು ಮೂರು ತಿಂಗಳು ಓದು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ಹಗಲು ಮಕ್ಕಳಿಗೆ, ಸಂಜೆ ದುಡಿದು ಬಂದ ದೊಡ್ಡವರಿಗೆ ಪಾಠ. ಬರವಣಿಗೆ, ಲೆಕ್ಕ ಇರಲಿಲ್ಲ, ಓದು ಮಾತ್ರ. ತಿಳಿದ ಮಾತಿನಲ್ಲಾದರೆ ಮೂರು ತಿಂಗಳಲ್ಲಿ ಓದು ಬರುತ್ತದೆ, ಮೊದಲು ಇಂಗ್ಲಿಷ್ ಕಲಿಸಹೊರಟರೆ ವರ್ಷಗಳು ಬೇಕು ಎಂಬ ಸರಳ ಲೆಕ್ಕ ಅವರದು. 1761ರಲ್ಲಿ ಅವರು ಕಣ್ಮುಚ್ಚುವ ಹೊತ್ತಿಗೆ ಇಂಥ 3,300ಕ್ಕೂ ಹೆಚ್ಚು ಶಾಲೆಗಳು ನಡೆದು, ಒಂದೂವರೆ ಲಕ್ಷ ಜನ ಕಲಿತಿದ್ದರು. ಯುರೋಪಿನಲ್ಲಿ ಅಂದು ಓದು ಬಲ್ಲವರು ಹೆಚ್ಚಿದ್ದ ನಾಡುಗಳ ಸಾಲಿಗೆ ಬಡ ವೇಲ್ಸ್ ಸೇರಿತು. ಅವರ ಪೋಷಕಿ ಬ್ರಿಜೆಟ್ ಬೆವನ್ ಮುಂದೆಯೂ ಶಾಲೆಗಳನ್ನು ನಡೆಸಿದರು.

ಈ ಓದಿನ ಹಸಿವು ಎಷ್ಟಿತ್ತೆಂಬುದಕ್ಕೆ ನೇಕಾರನ ಮಗಳು ಮೇರಿ ಜೋನ್ಸ್ ಸಾಕ್ಷಿ. ಆರು ವರ್ಷ ಕಾಸಿಗೆ ಕಾಸು ಕೂಡಿಟ್ಟು, ಸ್ವಂತದ್ದೊಂದು ಬೈಬಲ್ ಕೊಳ್ಳಲು 1800ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಬರಿಗಾಲಲ್ಲಿ ಸುಮಾರು 40 ಕಿಲೋಮೀಟರ್ ನಡೆದು ಬಾಲಾ ಪಟ್ಟಣದ ಪಾದ್ರಿ ಥಾಮಸ್ ಚಾರ್ಲ್ಸ್‌ರ ಮನೆ ತಲುಪಿದಳು. ಅಗ್ಗದ ವೆಲ್ಷ್ ಬೈಬಲಿಗಾಗಿ ಚಾರ್ಲ್ಸ್ ಮಾಡಿದ ಪ್ರಯತ್ನ 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸೊಸೈಟಿ ಹುಟ್ಟಲು ಒಂದು ಕಾರಣವಾಯಿತು. ಇದೇ ಪರಂಪರೆಯಲ್ಲಿ ಬೆಳೆದ ಥಾಮಸ್ ಜೋನ್ಸ್ 1841ರಲ್ಲಿ ಖಾಸಿ ಬೆಟ್ಟದ ಸೊಹ್ರಾಗೆ, ಅಂದರೆ ಚಿರಾಪುಂಜಿಗೆ, ಬಂದು ಖಾಸಿ ನುಡಿಗೆ ರೋಮನ್ ಲಿಪಿ ಅಳವಡಿಸಿದರು. ಆ ಕಾಗುಣಿತದಲ್ಲಿ ವೆಲ್ಷ್ ಬರಹದ ಗುರುತು ಇಂದಿಗೂ ಇದೆ.

ಹತ್ತೊಂಬತ್ತನೇ ಶತಮಾನದಲ್ಲಿ ಪೆಟ್ಟು ಬಿದ್ದದ್ದು ಶಾಲೆಯಿಂದಲೇ. ವೆಲ್ಷ್ ಅರಿಯದ ಮೂವರು ಆಯುಕ್ತರು 1847ರ ವರದಿಯಲ್ಲಿ ಈ ನುಡಿಯನ್ನೇ ಜನರ ಹಿಂದುಳಿದಿರುವಿಕೆಗೆ ಕಾರಣವೆಂದು ದೂಷಿಸಿದರು. ಹಲವು ಶಾಲೆಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿ ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಬಡ ರೈತನ ಮಗ ಓವೆನ್ ಮಾರ್ಗನ್ ಎಡ್ವರ್ಡ್ಸ್ ಅದನ್ನು ಹೊತ್ತವರು. ಏಟಿಗಿಂತ ಅವರಿಗೆ ನೋವು ಕೊಟ್ಟದ್ದು ಗೆಳೆಯರನ್ನು ಹಿಡಿದುಕೊಡಲು ಮಕ್ಕಳಿಗೆ ಕಲಿಸುವ ಆ ಪದ್ಧತಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸದ ಅಧ್ಯಾಪಕರಾದ ಎಡ್ವರ್ಡ್ಸ್ ವೆಲ್ಷ್‌ನಲ್ಲಿ ಪತ್ರಿಕೆಗಳನ್ನು ನಡೆಸಿದರು; 1892ರಲ್ಲಿ ಮಕ್ಕಳಿಗಾಗಿಯೇ ಮಾಸಿಕವೊಂದನ್ನು ಆರಂಭಿಸಿದರು. 1907ರಲ್ಲಿ ವೇಲ್ಸಿನ ಶಾಲೆಗಳ ಮುಖ್ಯ ತನಿಖಾಧಿಕಾರಿಯಾಗಿ, ತಮ್ಮನ್ನು ದಂಡಿಸಿದ ವ್ಯವಸ್ಥೆಯೊಳಕ್ಕೇ ಆ ನುಡಿಯನ್ನು ತಂದರು. ಅವರ ಮಗ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ 1922ರಲ್ಲಿ ಅದೇ ಮಾಸಿಕದ ಮೂಲಕ ವೆಲ್ಷ್ ಮಕ್ಕಳ ಸಂಘ ಕಟ್ಟಿದರು. 1939ರಲ್ಲಿ ಆಬರಿಸ್ಟ್‌ವಿತ್‌ನಲ್ಲಿ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ತೆರೆದಾಗ ಅಲ್ಲಿದ್ದದ್ದು ಏಳೇ ಮಕ್ಕಳು.

ಕಚೇರಿಯ ಬಾಗಿಲು ತಟ್ಟಿದವರು ಐಲೀನ್ ಮತ್ತು ಟ್ರೆವರ್ ಬೀಸ್ಲಿ. ಐಲೀನ್ ಶಿಕ್ಷಕಿ, ಟ್ರೆವರ್ ಗಣಿ ಕಾರ್ಮಿಕ. 1952ರಲ್ಲಿ ಲ್ಲಾನ್‌ಗೆನೆಖ್ ಹಳ್ಳಿಯಲ್ಲಿ ಮನೆ ಕೊಂಡ ಈ ದಂಪತಿ, ತೆರಿಗೆಯ ನೋಟಿಸು ವೆಲ್ಷ್‌ನಲ್ಲಿ ಬರುವವರೆಗೆ ತೆರಿಗೆ ಕಟ್ಟುವುದಿಲ್ಲವೆಂದರು. ಸುತ್ತಲಿನ ಬಹುತೇಕರ ಮನೆಮಾತು ವೆಲ್ಷ್ ಆಗಿದ್ದರೂ ಸ್ಥಳೀಯ ಆಡಳಿತ ಒಪ್ಪಲಿಲ್ಲ. ಹತ್ತಾರು ಬಾರಿ ಕೋರ್ಟಿಗೆ ಹೋದರು. ಅಮೀನರು ಬಂದು ಮನೆಯ ಪೀಠೋಪಕರಣಗಳನ್ನು ಹೊತ್ತೊಯ್ದರು. ಎಂಟು ವರ್ಷಗಳ ಮೇಲೆ, 1960ರಲ್ಲಿ, ಎರಡು ಭಾಷೆಯ ನೋಟಿಸು ಬಂತು.

ಈ ದಂಪತಿಯನ್ನೇ ಮಾದರಿಯಾಗಿ ತೋರಿಸಿ ನಾಟಕಕಾರ ಸಾಂಡರ್ಸ್ ಲೂಯಿಸ್ 1962ರ ಫೆಬ್ರವರಿಯಲ್ಲಿ ಬಿಬಿಸಿ ರೇಡಿಯೋದಲ್ಲಿ ನುಡಿಯ ಭವಿಷ್ಯ ಕುರಿತು ಮಾತನಾಡಿದರು. ಕ್ರಾಂತಿಕಾರಿ ದಾರಿ ಹಿಡಿಯದಿದ್ದರೆ ನುಡಿ ಅಳಿಯುತ್ತದೆ ಎಂಬುದು ಅವರ ಎಚ್ಚರಿಕೆ. ಆ ಮಾತಿಗೆ ಓಗೊಟ್ಟು ಅದೇ ವರ್ಷ ಯುವಜನರ ಭಾಷಾ ಚಳವಳಿ ಹುಟ್ಟಿತು. 1967ರಲ್ಲಿ ಮೊದಲ ವೆಲ್ಷ್ ಭಾಷಾ ಕಾಯ್ದೆ ಬಂತು.

1966ರಲ್ಲಿ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಯ ಮೊದಲ ಸಂಸದರಾದ ಗ್ವಿನ್ವೋರ್ ಎವನ್ಸ್ ಅವರ ಮನೆಮಾತು ವೆಲ್ಷ್ ಆಗಿರಲಿಲ್ಲ; ಬೆಳೆದ ಮೇಲೆ ಕಲಿತದ್ದು. ವೆಲ್ಷ್ ಟಿವಿ ವಾಹಿನಿ ಕೊಡುವುದಾಗಿ ಹೇಳಿದ್ದ ಸರಕಾರ 1979ರಲ್ಲಿ ಮಾತಿಗೆ ತಪ್ಪಿದಾಗ, 1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರುವೆನೆಂದು ಅವರು ಘೋಷಿಸಿದರು. ಸೆಪ್ಟೆಂಬರ್ 17ರಂದು ಮಾರ್ಗರೆಟ್ ಥ್ಯಾಚರ್ ಸರಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್4ಸಿ ವಾಹಿನಿ ಪ್ರಸಾರ ಆರಂಭಿಸಿತು. ಅದರ ಮೊದಲ ನಿರ್ದೇಶಕ ಓವೆನ್ ಎಡ್ವರ್ಡ್ಸ್. ಆಬರಿಸ್ಟ್‌ವಿತ್‌ನ ಆ ಏಳು ಮಕ್ಕಳಲ್ಲಿ ಒಬ್ಬರಾಗಿದ್ದ ಇವರು, ಕೊರಳಲ್ಲಿ ಮರದ ತುಂಡು ಹೊತ್ತ ಹುಡುಗನ ಮೊಮ್ಮಗ.