ಗಿಟಾರಿನ ಶುದ್ಧ ಸ್ವರಕ್ಕೊಂದು ಅಗ್ಗದ ಕಂಪ್ರೆಸರ್

ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಮ್ಮ ಕಾರ್ಯಕ್ರಮಗಳ ವೇದಿಕೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ಕಾಣಿಸಿಕೊಳ್ಳುವುದು ಈಗ ಹೊಸ ಸಂಗತಿಯೇನಲ್ಲ. ಆದರೆ ಎಷ್ಟೋ ಸಲ ಅದು ಕಾಣಿಸುತ್ತದೆ, ಕೇಳಿಸುವುದಿಲ್ಲ! ಒಂದು ಕಡೆ ತಬಲ, ಇನ್ನೊಂದು ಕಡೆ ಕೀಬೋರ್ಡ್, ನಡುವೆ ನಮ್ಮ ಹುಡುಗ ತಂತಿ ಮೀಟುತ್ತಿರುತ್ತಾನೆ. ಮೀಟಿದ ಕ್ಷಣದ 'ಟಣ್' ಮಾತ್ರ ಕಿವಿಗೆ ಬಡಿಯುತ್ತದೆ. ಅದರ ಹಿಂದೆ ಬರಬೇಕಾದ ನಾದವೆಲ್ಲ ತಬಲದ ಕೆಳಗೆ ಮುಳುಗಿಹೋಗುತ್ತದೆ. ಮೈಕಿನವರಿಗೆ ಹೇಳಿ ಸದ್ದು ಏರಿಸಿದರೆ 'ಟಣ್' ಕಿವಿ ಚುಚ್ಚುತ್ತದೆ. ಇಳಿಸಿದರೆ ಗಿಟಾರೇ ಇಲ್ಲ. ಎರಡು ಮೂರು ಕಾರ್ಯಕ್ರಮಗಳಲ್ಲಿ ಹೀಗಾಯಿತೆಂದರೆ "ಕನ್ನಡ ಹಾಡಿಗೆ ಗಿಟಾರ್ ಒಗ್ಗುವುದಿಲ್ಲ" ಎಂದು ಮಕ್ಕಳು ತೀರ್ಮಾನಿಸಿ ಬೇರೆ ಸಂಗೀತದ ಕಡೆಗೆ ಹೊರಳಿಬಿಡುತ್ತಾರೆ. ನಮಗೆ ಅದೇ ಚಿಂತೆ. ಪರದೇಶದಲ್ಲಿ ಬೆಳೆಯುವ ಮಕ್ಕಳನ್ನು ಕನ್ನಡದ ಹತ್ತಿರ ಹಿಡಿದಿಡುವ ದಾರಗಳು ಮೊದಲೇ ಕಡಿಮೆ, ಭಾವಗೀತೆ ಅವುಗಳಲ್ಲೊಂದು. ಸದ್ದಿನ ಅಳತೆ ತಪ್ಪಿದ್ದಕ್ಕಾಗಿ ಆ ದಾರ ಕಡಿಯಬಾರದು.

ಹಾಡಿಗೆ ಗಿಟಾರ್ ಒಗ್ಗದು ಎಂಬ ಮಾತಂತೂ ನಿಜವಲ್ಲ. ರಾಜನ್-ನಾಗೇಂದ್ರರ ಚಿತ್ರಗೀತೆಗಳನ್ನು ಕೇಳಿದವರಿಗೆ, 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ನೀಡಿದ ಸಂಗೀತವನ್ನು ಮೆಚ್ಚಿದವರಿಗೆ, ಗಿಟಾರ್ ನಮ್ಮ ಹಾಡಿನ ಮನೆಯ ಅಳಿಯನಾಗಿ ಬಹುಕಾಲವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಕೊರತೆಯಿರುವುದು ಒಂದು ಚಿಕ್ಕ ಪೆಟ್ಟಿಗೆಯದು. ಕಾಲಿನಿಂದ ಒತ್ತುವ ಆ ಪೆಟ್ಟಿಗೆಗೆ ಕಂಪ್ರೆಸರ್ ಪೆಡಲ್ ಎಂದು ಹೆಸರು. ರಸಾಯನಶಾಸ್ತ್ರ ನಮ್ಮ ಕಸುಬು, ಗಿಟಾರ್ ನಮ್ಮ ಸಂಜೆಯ ಹವ್ಯಾಸ. ಎರಡನ್ನೂ ಬೆರೆಸಿ, ಹೆಚ್ಚು ಖರ್ಚಿಲ್ಲದೆ ಒಳ್ಳೆಯ ಕಂಪ್ರೆಸರನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಅದು ಮಾಡುವ ಕೆಲಸ

ಮೈಸೂರು ಸೀಮೆಯವರಿಗೆ ಕನ್ನಂಬಾಡಿ ಕಟ್ಟೆಯ ಸ್ವಯಂಚಾಲಿತ ಬಾಗಿಲುಗಳ ವಿಷಯ ಗೊತ್ತೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಈ ಬಗೆಯ ಬಾಗಿಲು 1903ರಲ್ಲಿ ಮೊದಲು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಬಂತು. ನೀರು ನಿಗದಿಯಾದ ಮಟ್ಟ ಮೀರಿದಾಗ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಮಟ್ಟ ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಂಪ್ರೆಸರ್ ಸದ್ದಿಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಸದ್ದು ಒಂದು ಮಟ್ಟವನ್ನು ಮೀರಿದರೆ ಅದನ್ನು ತಗ್ಗಿಸುತ್ತದೆ, ಮೀರದಿದ್ದರೆ ಸುಮ್ಮನಿರುತ್ತದೆ. ತಗ್ಗಿಸುವ ಪ್ರಮಾಣ ನಾಲ್ಕಕ್ಕೆ ಒಂದು ಎಂದಿಟ್ಟುಕೊಳ್ಳಿ. ಮಟ್ಟದ ಮೇಲೆ 8 ಡೆಸಿಬೆಲ್ ಏರಿದ ಸದ್ದು ಹೊರಗೆ ಬರುವಾಗ 2 ಡೆಸಿಬೆಲ್ ಮಾತ್ರ ಏರಿರುತ್ತದೆ. ಹೀಗೆ 'ಟಣ್' ಎಂಬ ತಲೆಯನ್ನು ಸವರಿದ ಮೇಲೆ ಒಟ್ಟು ಸದ್ದನ್ನು ಏರಿಸಿದರೆ, ಮುಳುಗಿಹೋಗುತ್ತಿದ್ದ ನಾದದ ಬಾಲವೂ ಮೇಲೆ ಬರುತ್ತದೆ. ಒಬ್ಬ ಚುರುಕಾದ ಮೈಕಿನವನು ಗಿಟಾರಿಗಾಗಿಯೇ ಕುಳಿತು ಸ್ವರಸ್ವರಕ್ಕೂ ಗುಂಡಿ ತಿರುಗಿಸಿದಂತೆ.

ಮೀಟುವ ವಾದ್ಯಗಳ ಪಾಡೇ ಇದು: ಹುಟ್ಟಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಪಿಟೀಲಿಗೆ ಕಮಾನಿದೆ, ಕೊಳಲಿಗೆ ಉಸಿರಿದೆ. ಗಿಟಾರಿಗೆ ಒಂದು ಪೆಟ್ಟು, ಅಷ್ಟೆ. ಸ್ವರ ಬದುಕಿದ್ದಾಗಲೇ ಜಾರು, ಗಮಕಗಳು ಮುಗಿಯಬೇಕು. ಮ್ಯಾಂಡೊಲಿನ್ ಶ್ರೀನಿವಾಸ್ ಅವರು ಜೋಡಿ ತಂತಿಗಳ ಮಾಮೂಲು ಮ್ಯಾಂಡೊಲಿನ್ ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದದ್ದು ಗಮಕಕ್ಕೆ ಬೇಕಾದ ಈ ನಾದದ ಆಯುಸ್ಸಿಗಾಗಿಯೇ. ಸದ್ದು ಕೊನೆಯ ಸಾಲಿಗೆ ಮುಟ್ಟಬೇಕೆಂಬ ಹಂಬಲ ನಮ್ಮವರಿಗೂ ಹಳೆಯದು. ಮೈಕುಗಳಿಲ್ಲದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯನವರು 1927ರಲ್ಲಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಅವರು ತಂತಿ ಹೆಚ್ಚಿಸಿ ಸಾಧಿಸಿದ್ದಕ್ಕೆ ಇಂದಿನ ಹುಡುಗರಿಗೆ ಪೆಟ್ಟಿಗೆಯ ಸಹಾಯ ಸಿಕ್ಕಿದೆ.

ಪೆಟ್ಟಿಗೆಯೊಳಗಿನ ಜಾತಿಗಳು

ಅಗ್ಗದ ಕಂಪ್ರೆಸರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ವಿದ್ಯುತ್ ಪ್ರವಾಹದಿಂದ ನಿಯಂತ್ರಿಸುವ ಚಿಪ್ಪಿನ ಜಾತಿ. ಅಮೆರಿಕದ ಎಂ.ಎಕ್ಸ್.ಆರ್. ಕಂಪೆನಿ 1970ರ ದಶಕದಲ್ಲಿ ಹೊರತಂದ ಡೈನಾ ಕಾಂಪ್ ಎಂಬ ಕೆಂಪು ಪೆಟ್ಟಿಗೆ ಇದರ ಹಿರಿಯಜ್ಜ. ಅದಕ್ಕೆ ಎರಡೇ ತಿರುಪು: ಎಷ್ಟು ಒತ್ತಬೇಕು, ಎಷ್ಟು ಸದ್ದು ಹೊರಗೆ ಬರಬೇಕು. ಹೊಡೆತವನ್ನು ಗಟ್ಟಿಯಾಗಿ ಹಿಡಿಯುವುದರಿಂದ ಚುರುಕು ನುಡಿಕೆಗೆ ಸೊಗಸು. ಆದರೆ ತಾರಸ್ವರದ ಹೊಳಪು ತುಸು ಮಂಕಾಗುತ್ತದೆ, ಹಿನ್ನೆಲೆಯ 'ಸುಂಯ್' ಸದ್ದೂ ತುಸು ಹೆಚ್ಚು. ಇಂದು ಸಿಗುವ ಅಗ್ಗದ ಪೆಡಲುಗಳಲ್ಲಿ ಬಹಳಷ್ಟು ಇದರ ಮೊಮ್ಮಕ್ಕಳು.

ಎರಡನೆಯದು ಬೆಳಕಿನ ಜಾತಿ. ಇದು ನಮ್ಮ ಕಸುಬಿಗೆ ಹತ್ತಿರದ್ದಾದ್ದರಿಂದ ಎರಡು ಮಾತು ಹೆಚ್ಚು ಹೇಳಿದರೆ ಓದುಗರು ಕ್ಷಮಿಸಬೇಕು. ಒಂದು ಮುಚ್ಚಿದ ಡಬ್ಬಿಯೊಳಗೆ ಪುಟ್ಟ ದೀಪ. ಅದರೆದುರಿಗೆ ಕ್ಯಾಡ್ಮಿಯಂ ಸಲ್ಫೈಡ್ ಲೇಪಿಸಿದ ಬಿಲ್ಲೆ. ಗಿಟಾರಿನ ಸದ್ದು ಹೆಚ್ಚಿದಂತೆ ದೀಪ ಪ್ರಕಾಶಿಸುತ್ತದೆ. ಬೆಳಕು ಬಿದ್ದಾಗ ಆ ಲೇಪದೊಳಗಿನ ಎಲೆಕ್ಟ್ರಾನುಗಳು ಸಡಿಲಗೊಂಡು ಅದರ ವಿದ್ಯುತ್ ರೋಧ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಸದ್ದು ತಗ್ಗುತ್ತದೆ. ಸ್ವಾರಸ್ಯವಿರುವುದು ದೀಪ ಆರಿದ ಮೇಲೆ. ಕೆಲವು ಎಲೆಕ್ಟ್ರಾನುಗಳು ಹರಳಿನ ಕುಂದುಗಳಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಬಿಡುಗಡೆಯಾಗುತ್ತವೆ. ಆದ್ದರಿಂದ ಸದ್ದು ಒಮ್ಮೆಲೇ ಹಿಂದಿರುಗದೆ ಮೊದಲು ಬೇಗ, ಆಮೇಲೆ ಮೆಲ್ಲಗೆ, ಉಸಿರು ಬಿಟ್ಟಂತೆ ಮರಳುತ್ತದೆ. ಕಿವಿಗೆ ಇದು ಬಹಳ ಹಿತ. 1960ರ ದಶಕದ ಪ್ರಸಿದ್ಧ ಸ್ಟುಡಿಯೋ ಯಂತ್ರ ಎಲ್.ಎ.-2ಎ ಕೂಡ ಈ ಬೆಳಕಿನ ತತ್ವದ್ದೇ. ಕ್ಯಾಡ್ಮಿಯಂ ವಿಷಲೋಹವಾದ್ದರಿಂದ ಯುರೋಪಿನ ಒಕ್ಕೂಟ 2006ರಿಂದ ವಿದ್ಯುನ್ಮಾನ ಸಾಮಾನುಗಳಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದೆ. ಮುಚ್ಚಿದ ಪೆಡಲಿನಲ್ಲಿ ನಮಗೇನೂ ಅಪಾಯವಿಲ್ಲ. ಹಳೆಯ ಪೆಡಲನ್ನು ಒಡೆಯುವುದಾಗಲಿ ಬೆಂಕಿಗೆ ಹಾಕುವುದಾಗಲಿ ಮಾತ್ರ ಕೂಡದು.

ಭಾವಗೀತೆಯ ಪಕ್ಕವಾದ್ಯಕ್ಕೆ, ನಿಧಾನದ ಬಿಡಿ ಸ್ವರಗಳಿಗೆ ಬೆಳಕಿನ ಜಾತಿ ಮೇಲು. ಚುರುಕಾದ ಚಿತ್ರಗೀತೆಯ ತಾಳಕ್ಕೆ ಚಿಪ್ಪಿನ ಜಾತಿ ಸಾಕು.

ತಿರುಪುಗಳು: ಯಾವುದು ಬೇಕೇ ಬೇಕು?

ಹೊರಹೊಮ್ಮುವ ಸದ್ದಿನ ತಿರುಪು, ಒತ್ತುವ ಪ್ರಮಾಣದ ತಿರುಪು - ಇವೆರಡಿಲ್ಲದೆ ಕಂಪ್ರೆಸರೇ ಇಲ್ಲ. ಮೂರನೆಯದಾಗಿ 'ಅಟ್ಯಾಕ್' ಇದ್ದರೆ ಒಳ್ಳೆಯದು. ಪೆಟ್ಟು ಬಿದ್ದ ಎಷ್ಟು ಹೊತ್ತಿಗೆ ಹಿಡಿತ ಬೀಳಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಲೆಕ್ಕ ಮಿಲಿಸೆಕೆಂಡುಗಳದು, ಕಿವಿಗೆ ಆಗುವ ವ್ಯತ್ಯಾಸ ದೊಡ್ಡದು. ಹಿಡಿತ ತುಸು ತಡವಾದರೆ ಮೀಟಿನ ಮೊನೆ ಉಳಿಯುತ್ತದೆ, ತಾಳ ಸ್ಪಷ್ಟವಾಗುತ್ತದೆ. ತೀರ ಬೇಗನಾದರೆ ಬೆಣ್ಣೆಯಂತೆ ನುಣುಪು, ಆದರೆ ಜೀವವಿರುವುದಿಲ್ಲ. ತಿರುಗಿಸುವ ದಿಕ್ಕಿನ ಅರ್ಥ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆಯಾಗುವುದರಿಂದ ಕಿವಿಯೇ ಪ್ರಮಾಣ.

ನಾಲ್ಕನೆಯದು 'ಬ್ಲೆಂಡ್'. ಗಿಟಾರಿನ ಮೂಲ ಸದ್ದನ್ನೂ ಒತ್ತಿದ ಸದ್ದನ್ನೂ ಹಾಲುನೀರಿನಂತೆ ಬೆರೆಸುವ ತಿರುಪು ಇದು. ಶುದ್ಧ ಸ್ವರ ಬೇಕಾದವರಿಗೆ ಇದಕ್ಕಿಂತ ಉಪಯುಕ್ತ ತಿರುಪು ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಕೈಯ ಏರಿಳಿತ ಮೂಲದಿಂದ ಬರುತ್ತದೆ, ನಾದದ ಆಯುಸ್ಸು ಒತ್ತಿದ ಸದ್ದಿನಿಂದ ಬರುತ್ತದೆ.

ಯಾವುದನ್ನು ಕೊಳ್ಳುವುದು?

ಬೆಲೆಯ ಮಾತಿಗೆ ಬರೋಣ. ಹೊರದೇಶದ ಬೆಲೆಪಟ್ಟಿ ನೋಡುವವರಿಗೆ ಲೆಕ್ಕ ಸುಲಭ: ನಮ್ಮ ದಿನಾರು ಡಾಲರಿಗೆ ಕಟ್ಟಿದ್ದು, ಒಂದು ಡಾಲರಿಗೆ 376 ಫಿಲ್ಸ್. ಅದರ ಮೇಲೆ ಸಾಗಣೆ, ಮತ್ತು 2022ರ ಜನವರಿಯಿಂದ ನೂರಕ್ಕೆ ಹತ್ತಾಗಿರುವ ವ್ಯಾಟ್ ಸೇರಿಸಿಕೊಳ್ಳಿ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಬೆಹ್ರಿಂಗರ್ ಸಿ.ಎಸ್.400 ಇದೆ. ನಾಲ್ಕು ತಿರುಪು, ಪ್ಲಾಸ್ಟಿಕ್ ಮೈ. ಮನೆಯ ಅಭ್ಯಾಸಕ್ಕೆ ಸಾಕು. ವೇದಿಕೆಯ ಮೇಲೆ ದಿನವೂ ತುಳಿಯುವವರಿಗಲ್ಲ. ಅದರ ಮೇಲಿನ ಮೆಟ್ಟಿಲಲ್ಲಿ ಚೀನಾದ ಜೋಯೋ, ಮೂವರ್ ಮುಂತಾದವು, ಲೋಹದ ಮೈಯವು. ಇವುಗಳಲ್ಲಿ ಮೂವರ್ ಯೆಲ್ಲೋ ಕಾಂಪ್ ಬೆಳಕಿನ ಜಾತಿಯದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹನ್ನೆರಡನೆಯ ತರಗತಿ ಮುಗಿಸಿ ಕಾಲೇಜಿಗೆಂದು ಊರಿಗೆ ಹೊರಡುವ ಮಕ್ಕಳ ಸೂಟ್‌ಕೇಸಿನ ಮೂಲೆಯಲ್ಲಿ ಹಿಡಿಯುತ್ತದೆ. ಇನ್ನೂ ಮೇಲೆ ಡೈನಾ ಕಾಂಪ್, ಮತ್ತು 1986ರಿಂದ ಬಂದಿರುವ ಬಾಸ್ ಸಿ.ಎಸ್.-3. ಗಟ್ಟಿತನದಲ್ಲಿ ಬಾಸ್ ಪೆಟ್ಟಿಗೆಗಳಿಗೆ ಒಳ್ಳೆಯ ಹೆಸರಿದೆ; ಆದ್ದರಿಂದ ಯಾರಾದರೂ ಬಳಸಿದ್ದು ಕಡಿಮೆಗೆ ಸಿಕ್ಕರೂ ಧೈರ್ಯವಾಗಿ ನೋಡಬಹುದು. ಬ್ಲೆಂಡ್ ಇರುವ ಕೀಲಿ ಕಂಪ್ರೆಸರ್ ಪ್ಲಸ್ ಕೂಡ ಈ ಮೆಟ್ಟಿಲಿನ ಆಸುಪಾಸಿನದೇ.

ನಮ್ಮ ಸಲಹೆ ಇಷ್ಟು: ಮೊದಲ ಪೆಡಲಿಗೆ ನಡುವಿನ ಮೆಟ್ಟಿಲು ಸಾಕು. ಬೆಳಕಿನ ಜಾತಿಯದು ಅಥವಾ ಬ್ಲೆಂಡ್ ಇರುವಂಥದು ಸಿಕ್ಕರೆ ಅದನ್ನೇ ಆರಿಸಿ. ಉಳಿದ ಹಣದಲ್ಲಿ ಎರಡು ಜೊತೆ ತಂತಿ ಮತ್ತು ಒಳ್ಳೆಯ ಕೇಬಲ್ ಕೊಳ್ಳಿ. ನಮ್ಮ ಕಡಲ ಗಾಳಿಯ ಉಪ್ಪಿಗೆ ತುಕ್ಕು ಹಿಡಿದ ತಂತಿಯಿಂದ ಯಾವ ಪೆಟ್ಟಿಗೆಯೂ ನಾದ ಹೊರಡಿಸಲಾರದು.

ಕೊಳ್ಳುವ ಮುನ್ನ ಮನೆಯಲ್ಲೊಮ್ಮೆ ನೋಡಿ. ಈಗಿನ ಎಷ್ಟೋ ಆಂಪ್ಲಿಫೈಯರುಗಳಲ್ಲಿ, ಬಹುವಿಧ ಎಫೆಕ್ಟ್ ಯಂತ್ರಗಳಲ್ಲಿ ಕಂಪ್ರೆಸರ್ ಒಳಗೇ ಇರುತ್ತದೆ. ಅಂಥದಿದ್ದರೆ ಖರ್ಚೇ ಬೇಡ. ಮಗ ನುಡಿಸುವುದು ಬರೀ ಗೊರಗುಟ್ಟುವ ರಾಕ್ ಆಗಿದ್ದರೂ ಬೇಡ. ಆ ಗೊರಗೊರದಲ್ಲೇ ಸದ್ದು ಸಾಕಷ್ಟು ಒತ್ತಿಹೋಗಿರುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಸ್ವಂತ ಗಿಟಾರನ್ನೇ ಒಯ್ಯಿರಿ. ಪೆಡಲ್ ಹಾಕಿದಾಗಲೂ ಆರಿಸಿದಾಗಲೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಮೊದಲು ತಿರುಪು ಸರಿಮಾಡಿಕೊಳ್ಳಿ. ಇದು ಬಹು ಮುಖ್ಯ. ಹೆಚ್ಚು ಸದ್ದು ಮಾಡಿದ್ದೇ ಚೆನ್ನಾಗಿದೆಯೆಂದು ನಮ್ಮ ಕಿವಿ ಸದಾ ಮೋಸಹೋಗುತ್ತದೆ. ಬಳಿಕ ಒಂದು ಸ್ವರವನ್ನು ಮೆಲ್ಲಗೆ, ಮತ್ತೆ ಜೋರಾಗಿ ಮೀಟಿ. ಎರಡರ ವ್ಯತ್ಯಾಸ ಪೂರ್ತಿ ಅಳಿಸಿಹೋಗಿದ್ದರೆ ಒತ್ತಡ ಹೆಚ್ಚಾಯಿತು. ಕೊನೆಗೆ ಒಂದು ಕಾರ್ಡ್ ನುಡಿಸಿ, ನಾದ ಅಡಗುವವರೆಗೆ ಕಾಯಿರಿ. ನಾದ ಇಳಿದಂತೆ 'ಸುಂಯ್' ಏರುತ್ತದೆಯೆ? ಎಲ್ಲ ಕಂಪ್ರೆಸರುಗಳಲ್ಲೂ ತುಸು ಏರುತ್ತದೆ. ಸದ್ದನ್ನು 20 ಡೆಸಿಬೆಲ್ ಏರಿಸುವ ಪೆಟ್ಟಿಗೆ ಗಿಟಾರಿನ ಗುಂಯ್‌ಗಾಟವನ್ನೂ ಹತ್ತು ಪಟ್ಟು ಮಾಡುತ್ತದೆ. ಏರಿದ್ದು ಸಹಿಸುವಷ್ಟಿದೆಯೇ ಎಂಬುದೇ ಪ್ರಶ್ನೆ.

ವಿದ್ಯುತ್ತು ಮತ್ತು ಬಿಸಿಲು

ಹೆಚ್ಚಿನ ಪೆಡಲುಗಳಿಗೆ ಬೇಕಾದ್ದು 9 ವೋಲ್ಟ್, ಪ್ಲಗ್ಗಿನ ನಡುವಿನ ತುದಿ ಋಣ. ಕೀಬೋರ್ಡಿನ ಅಡಾಪ್ಟರನ್ನು ಚುಚ್ಚುವ ಮುನ್ನ ಅದರ ಮೇಲಿನ ಚಿತ್ರ ನೋಡಿ. ವೋಲ್ಟೇಜು, ಧ್ರುವ ಬೇರೆಯಾಗಿದ್ದರೆ ಪೆಡಲ್ ಸುಟ್ಟೀತು. ಇಲ್ಲಿಯೂ ಊರಿನಲ್ಲಿಯೂ ಗೋಡೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಬದಲಾಗುವುದು ಪಿನ್ನು ಮಾತ್ರ.

ಬ್ಯಾಟರಿ ಬಳಸುವವರು ನುಡಿಸಿದ ಮೇಲೆ ಕೇಬಲನ್ನು ಕಿತ್ತಿಡಬೇಕು; ಸಾಮಾನ್ಯವಾಗಿ ಕೇಬಲ್ ಚುಚ್ಚಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಜುಲೈ-ಆಗಸ್ಟಿನ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಬಿಟ್ಟರಂತೂ ಕ್ಷಾರ ಬ್ಯಾಟರಿ ಸೋರುವ ಸಂಭವ ಹೆಚ್ಚು. ಸೋರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಬಿಳಿಯ ಪುಡಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟದೆ, ಬ್ಯಾಟರಿ ತೆಗೆದು, ಹತ್ತಿಗೆ ಒಂದೆರಡು ಹನಿ ವಿನಿಗರ್ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿ.

ಕೈಯೇ ದೊಡ್ಡದು

ಕೊನೆಯದಾಗಿ ತಂದೆತಾಯಿಯರಿಗೊಂದು ಮಾತು. ಕಂಪ್ರೆಸರ್ ಬೆರಳಿನ ಒರಟುತನವನ್ನು ಮರೆಮಾಚುತ್ತದೆ, ತಿದ್ದುವುದಿಲ್ಲ. ಆದ್ದರಿಂದ ಮನೆಯ ಅಭ್ಯಾಸವೆಲ್ಲ ಪೆಡಲ್ ಇಲ್ಲದೆಯೇ ನಡೆಯಲಿ. ಸಮನಾಗಿ ಮೀಟಲು ಕೈ ತಾನೇ ಕಲಿಯಲಿ. ಕಾರ್ಯಕ್ರಮದ ದಿನ ಗಿಟಾರಿನಿಂದ ಬಂದ ಕೇಬಲ್ ಮೊದಲು ಕಂಪ್ರೆಸರಿಗೆ, ಅಲ್ಲಿಂದ ಮುಂದಕ್ಕೆ ಹೋಗಲಿ. ಒತ್ತುವ ತಿರುಪನ್ನು ಅರ್ಧಕ್ಕಿಂತ ಕೆಳಗಿಟ್ಟು, ತಬಲದವರನ್ನೂ ಕೂರಿಸಿಕೊಂಡು, ಹಾಡುವವರ ದನಿಯ ಜೊತೆಗೇ ಹೊಂದಿಸಿಕೊಳ್ಳಿ. ಪೆಡಲ್ ಇದೆಯೆಂದು ಸಭಿಕರಿಗೆ ತಿಳಿಯಬಾರದು, ಆರಿಸಿದಾಗ ಏನೋ ಕಡಿಮೆಯಾಯಿತೆನ್ನಿಸಬೇಕು. ಅಷ್ಟಾದರೆ ಕೊಟ್ಟ ದಿನಾರು ಸಾರ್ಥಕ.